ಅಳುಬುರುಕ ಎಂದು ಕರೆದವರು ಯಾರು?

ಗದಗ ಜಿಲ್ಲೆಯ ಸುದ್ದಿಪುಟ ಓದುವವರಿಗೆ ಎರಡು ಮಾತು ಬಾಯಿಪಾಠವಾಗಿವೆ. ಒಂದು, ‘ರೈತರು ಅಳಲು ತೋಡಿಕೊಂಡರು’. ಇನ್ನೊಂದು, ‘ಗೋಳು ಕೇಳುವವರಿಲ್ಲ’. ರೋಣದ ಹೊಲಗಳಲ್ಲಿ ಹೆಸರು ಒಣಗಿದರೂ, ನರಗುಂದದ ಕೊಣ್ಣೂರಿಗೆ ಮಲಪ್ರಭೆ ನುಗ್ಗಿದರೂ, ಗಜೇಂದ್ರಗಡದ ನೇಕಾರರ ಮಗ್ಗ ನಿಂತರೂ ವರದಿಗೆ ಈ ಎರಡರಲ್ಲಿ ಒಂದು ಬಂದೇ ಬರುತ್ತದೆ. ದಿನವೂ ಓದಿ ಓದಿ ನಾವು ಅವುಗಳ ಮೇಲೆ ಕಣ್ಣಾಡಿಸಿ ಮುಂದೆ ಹೋಗುತ್ತೇವೆ. ಆದರೆ ನಿಂತು ನೋಡಿದರೆ ಈ ಎರಡು ಮಾತುಗಳಲ್ಲಿ ಇಡೀ ಒಂದು ಸೀಮೆಯ ಚರಿತ್ರೆ ಅಡಗಿದೆ. ತೋಡುವುದೆಂದರೆ ಆಳದಿಂದ ಮೇಲೆತ್ತುವುದು. ಹಾಗೆ ಮೇಲೆತ್ತಿದ ಅಳಲನ್ನು ಯಾರ ಮುಂದೆ ಇಡಬೇಕು ಎಂಬುದು ಎರಡನೆಯ ಮಾತಿನ ಪ್ರಶ್ನೆ.

ಅದೇ ಅಳಲಿಗೆ ಇನ್ನೊಂದು ಹೆಸರೂ ಇದೆ. ಕಚೇರಿಯ ಮೇಜಿನ ಆಚೆ ಕುಳಿತವರ ಬಾಯಲ್ಲಿ, ಊರ ಕಟ್ಟೆಯ ಹರಟೆಯಲ್ಲಿ, ಕೆಲವೊಮ್ಮೆ ಸ್ವಂತ ಮನೆಯಲ್ಲೂ ಅದು ‘ರಗಳಿ’, ‘ಕಿರಿಕಿರಿ’, ‘ಯಾವಾಗಲೂ ಇದ್ದದ್ದೇ ಅಳು’ ಆಗಿಬಿಡುತ್ತದೆ. ಅತ್ತವರು ಒಬ್ಬರೇ, ಕಣ್ಣೀರು ಒಂದೇ. ಹೆಸರು ಮಾತ್ರ ಕೇಳಿಸಿಕೊಂಡವರು ಇಟ್ಟದ್ದು.

ಮೂಗಿನಿಂದ ಹುಟ್ಟಿದ ಇಂಗ್ಲಿಷ್ ಪದ

ಕಣ್ಣೀರು ಸುರಿಸುತ್ತ ಗೊಣಗುವುದನ್ನು ಇಂಗ್ಲಿಷಿನಲ್ಲಿ ಸ್ನಿವಲ್ ಎನ್ನುತ್ತಾರೆ. ಸಾವಿರ ವರ್ಷಗಳ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ಇದರ ಮೂಲರೂಪಕ್ಕೆ ದುಃಖದ ಅರ್ಥವೇ ಇರಲಿಲ್ಲ. ಅದು ಮೂಗು ಸೋರುವುದನ್ನು, ಸಿಂಬಳವನ್ನು ಹೇಳುತ್ತಿತ್ತು. ಸ್ನಿಫ್, ಸ್ನಫಲ್ ಮುಂತಾದ ಮೂಗಿನ ಪದಗಳೆಲ್ಲ ಇದೇ ಬಳಗದವು. ಮೂಗು ಸೋರುವವನು ಅಳುತ್ತಿರುತ್ತಾನೆ, ಅಳುವವನು ಗೊಣಗುತ್ತಿರುತ್ತಾನೆ ಎಂದುಕೊಳ್ಳುತ್ತ ಶತಮಾನಗಳಲ್ಲಿ ಪದದ ಅರ್ಥ ಮೂಗಿನಿಂದ ಸ್ವಭಾವಕ್ಕೆ ಏರಿತು. ಕೊನೆಗೆ ಅದು ಒಬ್ಬ ಮನುಷ್ಯನನ್ನು ಹೀಗಳೆಯುವ ಮಾತಾಗಿ ನಿಂತಿತು.

ಇದರ ಹಿಂದೆ ದೇಹದ ಒಂದು ಸರಳ ವ್ಯವಸ್ಥೆ ಇದೆ. ಕಣ್ಣಿನ ಮೇಲಂಚಿನ ಗ್ರಂಥಿಯಲ್ಲಿ ಹುಟ್ಟುವ ನೀರು ಕಣ್ಣನ್ನು ತೊಳೆದು, ಒಳಮೂಲೆಯ ಸಣ್ಣ ರಂಧ್ರಗಳ ಮೂಲಕ ಒಂದು ನಾಳಕ್ಕೆ ಇಳಿಯುತ್ತದೆ. ಆ ನಾಳ ತೆರೆದುಕೊಳ್ಳುವುದು ಮೂಗಿನೊಳಗೆ. ಎಂದಿನ ದಿನ ಈ ಹರಿವು ನಮಗೆ ಗೊತ್ತೇ ಆಗುವುದಿಲ್ಲ. ದುಃಖ ಉಕ್ಕಿದಾಗ ನಾಳಕ್ಕೆ ಸಾಲದಷ್ಟು ನೀರು ಬರುತ್ತದೆ. ಒಂದು ಪಾಲು ಕೆನ್ನೆಗೆ ಇಳಿದರೆ ಉಳಿದದ್ದು ಮೂಗಿಗೆ. ಹಾಗಾಗಿ ಅಳುವ ಮನುಷ್ಯ ಮೂಗು ಎಳೆದುಕೊಳ್ಳುವುದು ಅವನ ದೌರ್ಬಲ್ಯವಲ್ಲ, ಮನುಷ್ಯ ದೇಹದ ರಚನೆ. ಪದ ಮಾಡಿದವರು ಕಂಡದ್ದು ಆ ಮೂಗನ್ನು. ಅದರ ಮೇಲಿನ ಕಣ್ಣನ್ನಲ್ಲ.

ಇಂಗ್ಲಿಷಿನ ಉಳಿದ ಪದಗಳ ಕಥೆಯೂ ಹೀಗೇ ಇದೆ. ವೈನ್ ಎಂಬುದು ಮೊದಲು ಬಾಣ ಗಾಳಿ ಸೀಳಿಕೊಂಡು ಹೋಗುವ ಸದ್ದಿನ ಹೆಸರಾಗಿತ್ತು. ಆಮೇಲೆ ಅದು ನಾಯಿ ಕುಂಯ್‌ಗುಡುವುದಕ್ಕೂ ಮನುಷ್ಯ ಗೊಣಗುವುದಕ್ಕೂ ಬಂತು. ಇವೆಲ್ಲಕ್ಕಿಂತ ಮನಸ್ಸು ಕಲಕುವುದು ಮಾಡ್ಲಿನ್ ಎಂಬ ಪದ. ಯೇಸುವಿನ ಶಿಷ್ಯೆ ಮೇರಿ ಮ್ಯಾಗ್ಡಲೀನಳ ಹೆಸರನ್ನು ಹಳೆಯ ಇಂಗ್ಲಿಷರು ಉಚ್ಚರಿಸುತ್ತಿದ್ದುದು ಹಾಗೆ. ಆಕ್ಸ್‌ಫರ್ಡಿನಲ್ಲಿ ಆಕೆಯ ಹೆಸರಿನ ಕಾಲೇಜನ್ನು ಇಂದಿಗೂ ಮಾಡ್ಲಿನ್ ಎಂದೇ ಕರೆಯುತ್ತಾರೆ. ಮಧ್ಯಯುಗದ ಚಿತ್ರಗಳಲ್ಲಿ ಆಕೆ ಪಶ್ಚಾತ್ತಾಪದ ಕಣ್ಣೀರು ಸುರಿಸುವ ಪವಿತ್ರ ಸ್ತ್ರೀ. ಭಕ್ತರು ಆ ಕಣ್ಣೀರಿಗೆ ತಲೆಬಾಗುತ್ತಿದ್ದರು. 16ನೇ ಶತಮಾನ ಮುಗಿಯುವ ಹೊತ್ತಿಗೆ ಅದೇ ಹೆಸರು ಕುಡಿದು ಅಳುವವರನ್ನು ಕರೆಯುವ ಮಾತಾಯಿತು. ಚಿತ್ರದಲ್ಲಿನ ಕಣ್ಣೀರು ಬದಲಾಗಿರಲಿಲ್ಲ, ನೋಡುವವರು ಬದಲಾಗಿದ್ದರು.

ಅತ್ತು ಕರೆದು

ಕನ್ನಡದ ‘ಅಳು’ ಬಹಳ ಹಳೆಯದು. ಹಳಗನ್ನಡದಲ್ಲಿ ಇದು ‘ಅೞ್’. ಈಗ ನಾವು ಕಳೆದುಕೊಂಡಿರುವ ೞ ಅಕ್ಷರ ಅದರ ಕೊನೆಗಿತ್ತು. ತಮಿಳು, ಮಲಯಾಳಗಳಲ್ಲಿ ಆ ಧ್ವನಿ ಇಂದಿಗೂ ಉಳಿದಿದೆ. ಅಳುವುದಕ್ಕೆ ಅವರು ಹೇಳುವ ಪದವೂ ಇದೇ. ಈ ಭಾಷೆಗಳು ಬೇರೆಯಾಗುವ ಮುನ್ನವೇ ನಮ್ಮ ಹಿರಿಯರು ಅಳುತ್ತಿದ್ದುದು ಇದೇ ಪದದಲ್ಲಿ.

ಅಳುವಿನ ಸುತ್ತ ಕನ್ನಡ ಕಟ್ಟಿಕೊಂಡ ಸಂಸಾರ ದೊಡ್ಡದು. ಮಗು ಮುಸುಮುಸು ಅಳುತ್ತದೆ. ಮದುಮಗಳು ಬಿಕ್ಕಿ ಬಿಕ್ಕಿ ಅಳುತ್ತಾಳೆ. ಮಗನನ್ನು ಕಳೆದುಕೊಂಡ ತಾಯಿ ಬೋರಾಡಿ ಅಳುತ್ತಾಳೆ. ಗಂಡಸು ತಡೆಯಲಾರದೆ ಗಳಗಳ ಅತ್ತುಬಿಡುತ್ತಾನೆ. ಹೊರಗೆ ಬಾರದ ಅಳುವಿಗೆ ಕೊರಗು, ಮರುಗು, ಮಿಡುಕು, ಕುದಿ ಎಂಬ ಪದಗಳಿವೆ. ತಾರತಮ್ಯ ಇಷ್ಟು ನಾಜೂಕಾಗಿರುವುದು ಅಳುವನ್ನು ಹತ್ತಿರ ಕುಳಿತು ಕೇಳಿಸಿಕೊಂಡವರ ಭಾಷೆಯಲ್ಲಿ ಮಾತ್ರ. ‘ಅತ್ತು ಕರೆದು’ ಎಂಬ ಜೋಡುಮಾತನ್ನೂ ಇಲ್ಲಿ ನೆನೆಯಬೇಕು. ಅಳುವವರ ಎದುರಿಗೆ ಯಾರೋ ಇದ್ದಾರೆ, ಅಳು ಅವರನ್ನು ಕರೆಯುತ್ತಿದೆ ಎಂಬ ತಿಳಿವಳಿಕೆ ಆ ಜೋಡಿಯಲ್ಲಿದೆ. ಕರೆದರೂ ಯಾರೂ ಬಾರದ ಅಳುವಿಗೆ ನಾವು ಅರಣ್ಯರೋದನ ಎಂದೆವು.

ಹಾಗೆಂದು ನಮ್ಮ ಭಾಷೆ ಕರುಣೆಯನ್ನಷ್ಟೇ ಬಲ್ಲದು ಎನ್ನುವಂತಿಲ್ಲ. ಸುಳ್ಳುಬುರುಕ, ಅಂಜುಬುರುಕರ ಸಾಲಿನಲ್ಲಿ ಅಳುಬುರುಕನನ್ನೂ ನಾವು ಕೂರಿಸಿದ್ದೇವೆ. ‘ದಿನಾ ಸಾಯೋರಿಗೆ ಅಳೋರ್ಯಾರು’ ಎಂದು ಕೈ ತೊಳೆದುಕೊಂಡಿದ್ದೇವೆ. ‘ನಗೋ ಹೆಂಗಸನ್ನ, ಅಳೋ ಗಂಡಸನ್ನ ನಂಬಬಾರದು’ ಎಂಬ ಗಾದೆಯಿಂದ ಒಂದೇ ಏಟಿಗೆ ಹೆಣ್ಣಿನ ನಗುವನ್ನೂ ಗಂಡಿನ ಕಣ್ಣೀರನ್ನೂ ಕಟ್ಟಿಹಾಕಿದ್ದೇವೆ. ಸಾಲ ತಲೆಗೇರಿದ ರೈತ ಹೆಂಡತಿಯ ಮುಂದೆಯೂ ಬಾಯಿ ಬಿಡದೆ ಒಳಗೊಳಗೇ ಬೇಯುವುದಕ್ಕೆ ಈ ಗಾದೆಯ ಪಾಲೂ ಇದೆ ಎಂದು ನಾನು ನಂಬಿದ್ದೇನೆ.

ನಮ್ಮ ಸೀಮೆಯ ‘ರಗಳಿ’ಯನ್ನೂ ನೋಡಿ. ಹಟ ಹಿಡಿದು ಅಳುವ ಮಗುವಿಗೆ ‘ಏನ್ ರಗಳಿ ತಗದೀಯೋ’ ಎನ್ನುವ ತಾಯಿಗೆ ತಾನು ಒಂದು ಕಾವ್ಯಪ್ರಕಾರದ ಹೆಸರು ಹೇಳುತ್ತಿದ್ದೇನೆ ಎಂಬುದು ಹೊಳೆಯಲಿಕ್ಕಿಲ್ಲ. ಹರಿಹರ ಕವಿ ಶಿವಶರಣರ ಕಥೆಗಳನ್ನು ಹೇಳಿದ್ದು ರಗಳೆಯಲ್ಲಿ. ನಾಲ್ಕು ಸಾಲಿಗೆ ನಿಲ್ಲುವ ಪದ್ಯದಂತಲ್ಲದೆ ಎರಡೆರಡು ಸಾಲಿನ ಪ್ರಾಸ ಹಿಡಿದು ಎಷ್ಟು ದೂರಕ್ಕಾದರೂ ಹರಿಯುವ ಛಂದಸ್ಸು ಅದು. ಮುಗಿಯದ ಮಾತು ಕೆಲವರಿಗೆ ಭಕ್ತಿಯಾದರೆ ಕೆಲವರಿಗೆ ಕಿರಿಕಿರಿ. ಮಾಡ್ಲಿನ್ ಪದಕ್ಕೆ ಇಂಗ್ಲೆಂಡಿನಲ್ಲಿ ಆದದ್ದೇ ರಗಳೆಗೆ ನಮ್ಮಲ್ಲಿ ಆಯಿತು.

ಈ ಸೀಮೆಯ ಮಾತು ನಿಘಂಟಿಗೆ ಹತ್ತಿದ್ದೂ ಒಂದು ದೊಡ್ಡ ಕಥೆಯೇ. 1832ರಲ್ಲಿ ಜರ್ಮನಿಯ ಉತ್ತರ ಕರಾವಳಿಯಲ್ಲಿ ಹುಟ್ಟಿದ ಫರ್ಡಿನೆಂಡ್ ಕಿಟೆಲ್ 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಇಲ್ಲಿಗೆ ಬಂದರು. ಧಾರವಾಡದ ಕಡೆಯ ಮಾತು ಅವರ ಕಿವಿಗೆ ಮೊದಲ ವರ್ಷಗಳಲ್ಲೇ ಬಿತ್ತು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಕಾವ್ಯದ ಪದಗಳ ಜೊತೆಗೆ ಮನೆಮಾತು, ಗಾದೆಗಳೂ ಅದರಲ್ಲಿ ಸೇರಿದವು. ಯಾವ ಮಾತು ಮೈಸೂರಿನದು, ಯಾವುದು ದಕ್ಷಿಣ ಮರಾಠಾ ಪ್ರದೇಶದ್ದು ಎಂದು ಅವರು ಗುರುತು ಹಾಕಿದರು. ಆ ಕಾಲದ ಆಡಳಿತದ ಭಾಷೆಯಲ್ಲಿ ನರಗುಂದದ ಸೀಮೆಯ ಹೆಸರು ಅದೇ ಆಗಿತ್ತು.

ಹಾಡ್ಯಾಡಿ ಅಳುವವರು

ರೋಣ, ಗಜೇಂದ್ರಗಡ, ನರಗುಂದದ ಹಳ್ಳಿಗಳಲ್ಲಿ ಸಾವಾದ ಮನೆಯ ಮುಂದೆ ಹೆಂಗಸರು ಬರಿದೇ ಅಳುವುದಿಲ್ಲ, ಹಾಡ್ಯಾಡಿಕೊಂಡು ಅಳುತ್ತಾರೆ. ಸತ್ತವರ ಹೆಸರು ಹಿಡಿದು ಕರೆಯುತ್ತ, ಅವರು ಬಿತ್ತಿದ ಹೊಲ, ಕಟ್ಟಿದ ಮನೆ, ಹಬ್ಬಕ್ಕೆ ತಂದ ಸೀರೆ, ಆಡಿದ ಮಾತು ಒಂದೊಂದನ್ನೂ ರಾಗದಲ್ಲಿ ಎಣಿಸುತ್ತಾರೆ. ಒಬ್ಬಳು ಎತ್ತಿಕೊಂಡದ್ದನ್ನು ಇನ್ನೊಬ್ಬಳು ಮುಂದುವರಿಸುತ್ತಾಳೆ. ಕೇಳಲು ಬಂದವರು ತಾವೂ ಅತ್ತು, ತಮ್ಮ ಮನೆಯ ಹಳೆಯ ಸಾವುಗಳನ್ನೂ ಅದರಲ್ಲಿ ಸೇರಿಸುತ್ತಾರೆ. ಹೀಗೆ ಅಳುವ ಹೆಂಗಸಿಗೆ ಅಕ್ಷರ ಬಾರದೇ ಇರಬಹುದು. ಆದರೆ ಒಬ್ಬ ಮನುಷ್ಯನ ಇಡೀ ಬಾಳನ್ನು ನಿಂತ ನಿಲುವಿನಲ್ಲಿ ಕಟ್ಟಿಕೊಡುವ ಶಕ್ತಿ ಅವಳಲ್ಲಿದೆ. ಸೊಸೆ ತನಗಾದ ಅನ್ಯಾಯವನ್ನು ಹತ್ತು ಜನರ ಮುಂದೆ ಹೇಳಲು ಅವಕಾಶ ಸಿಗುತ್ತಿದ್ದುದೂ ಎಷ್ಟೋ ಮನೆಗಳಲ್ಲಿ ಇಂಥ ಗಳಿಗೆಯಲ್ಲಿ ಮಾತ್ರ.

ತಮಿಳುನಾಡಿನ ಒಪ್ಪಾರಿ, ಐರ್ಲೆಂಡಿನ ಕೀನಿಂಗ್ ಇದೇ ಕುಲದವು. ಐರ್ಲೆಂಡಿನಲ್ಲಿ ಚರ್ಚಿನ ಹಿರಿಯರು ಇದು ಅತಿರೇಕವೆಂದು ಶತಮಾನಗಳ ಕಾಲ ವಿರೋಧಿಸಿದರು. 20ನೇ ಶತಮಾನದಲ್ಲಿ ಆ ಪರಂಪರೆ ಬಹುಪಾಲು ನಿಂತೇಹೋಯಿತು. ನಮ್ಮಲ್ಲಿ ನಿಷೇಧ ಹೊರಡಿಸಿದವರಿಲ್ಲ. ಓದಿದ ಮಕ್ಕಳ ನಾಚಿಕೆಯೇ ಸಾಕಾಗಿದೆ. ‘ಮಂದಿ ಏನಂದಾರು, ಸುಮ್ನಿರಬೇ’ ಎಂದು ಅವ್ವನ ಬಾಯಿ ಮುಚ್ಚಿಸುವ ಮಗ ಒಂದು ಕಲೆಯನ್ನೂ ಮುಚ್ಚಿಸುತ್ತಿರುತ್ತಾನೆ.

ಅಳುವನ್ನು ಊರೆಲ್ಲ ಹಂಚಿಕೊಳ್ಳುವ ಇನ್ನೊಂದು ಹೊತ್ತು ಮೊಹರಂ. ಕ್ರಿ.ಶ. 680ರಲ್ಲಿ ಈಗಿನ ಇರಾಕಿನ ಕರ್ಬಲಾದಲ್ಲಿ ಪ್ರವಾದಿಯವರ ಮೊಮ್ಮಗ ಹುಸೇನರು ಮಡಿದ ದುಃಖವನ್ನು ಉತ್ತರ ಕರ್ನಾಟಕದ ಹಳ್ಳಿಗಳು ಕನ್ನಡದ ರಿವಾಯತ್ ಪದಗಳಲ್ಲಿ ಹಾಡುತ್ತವೆ. ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರಲ್ಲಿ ಹಿಂದೂ ಮುಸಲ್ಮಾನರೆಂಬ ಭೇದವಿಲ್ಲ. ಮುಸಲ್ಮಾನರ ಮನೆಯೇ ಇಲ್ಲದ ಊರುಗಳಲ್ಲೂ ಪಂಜಾ ಕೂರಿಸುತ್ತಾರೆ. ನೂರಾರು ಹರದಾರಿ ದೂರದಲ್ಲಿ, ಸಾವಿರದ ಮುನ್ನೂರು ವರ್ಷಗಳ ಹಿಂದೆ ನೀರು ಸಿಗದೆ ಬಳಲಿ ಮಡಿದವರಿಗಾಗಿ ಎರಿ ಭೂಮಿಯ ರೈತ ಅಳಬಲ್ಲ. ನೀರಿನ ಬವಣೆ ಅವನಿಗೆ ಯಾರೂ ಹೇಳಿಕೊಡಬೇಕಾದ್ದಲ್ಲ.

ನರಗುಂದದ ಮೂರು ಮೊರೆಗಳು

ಮೊರೆಗೆ ಕಿವಿಗೊಟ್ಟರೆ ಏನಾಗುತ್ತದೆ, ಕೊಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ನರಗುಂದದಷ್ಟು ಸಾಕ್ಷಿ ಹೇಳುವ ಊರು ಕರ್ನಾಟಕದಲ್ಲಿ ಕಡಿಮೆ.

ಮೊದಲನೆಯದು 18ನೇ ಶತಮಾನದ ಕೊನೆಯದು. ಮೈಸೂರಿನ ಟಿಪ್ಪು ಸುಲ್ತಾನ್ ಪೊಗದಿ ಹೆಚ್ಚಿಸಿ ಕೇಳಿದಾಗ ನರಗುಂದದ ದೊರೆ ವೆಂಕಟರಾವ್ ಭಾವೆ ಪುಣೆಯ ಮರಾಠಾ ದರ್ಬಾರಿನ ಮೊರೆ ಹೊಕ್ಕ. ಪುಣೆ ಕಿವಿಗೊಟ್ಟಿತಾದರೂ ಸಕಾಲಕ್ಕೆ ರಕ್ಷಣೆ ಸಿಗಲಿಲ್ಲ. 1785ರಲ್ಲಿ ಟಿಪ್ಪುವಿನ ಸೇನೆ ಮುತ್ತಿಗೆ ಹಾಕಿ ಕೋಟೆಯನ್ನು ಹಿಡಿಯಿತು. ಅಲ್ಲಿಂದ ಬೆಳೆದ ಮರಾಠಾ–ಮೈಸೂರು ಯುದ್ಧ 1787ರಲ್ಲಿ ನಿಂತದ್ದು ಗಜೇಂದ್ರಗಡದ ಒಪ್ಪಂದದಿಂದ. ನರಗುಂದ ಮತ್ತೆ ಮರಾಠರ ಕಡೆಗೆ ಬಂತು. ಒಂದು ಸಣ್ಣ ಸಂಸ್ಥಾನದ ಮೊರೆ ಎರಡು ದೊಡ್ಡ ರಾಜ್ಯಗಳನ್ನು ಯುದ್ಧಕ್ಕೂ ಸಂಧಾನಕ್ಕೂ ಎಳೆದಿತ್ತು.

ಎರಡನೆಯದು ಅದೇ ಮನೆತನದ ಕೊನೆಯ ದೊರೆ ಭಾಸ್ಕರರಾವ್ ಭಾವೆಯದು. ಜನರ ಬಾಯಲ್ಲಿ ಅವನು ಬಾಬಾಸಾಹೇಬ. ಮಗನನ್ನು ಕಳೆದುಕೊಂಡ ಅವನು ದತ್ತು ತೆಗೆದುಕೊಳ್ಳಲು ಅನುಮತಿ ಬೇಡಿದ. ಬ್ರಿಟಿಷರು ನಿರಾಕರಿಸಿದರು. ಮಗ ಸತ್ತ ದುಃಖ, ಸಂಸ್ಥಾನ ಹೋಗುವ ಭಯ ಎರಡೂ ಆ ಬೇಡಿಕೆಯಲ್ಲಿದ್ದವು. ಕಚೇರಿಯ ಕಣ್ಣಿಗೆ ಅದು ತಿರಸ್ಕರಿಸಬೇಕಾದ ಇನ್ನೊಂದು ಅರ್ಜಿ ಮಾತ್ರ. 1858ರ ಮೇ ತಿಂಗಳ ಕೊನೆಗೆ ಬಾಬಾಸಾಹೇಬ ಬಂಡೆದ್ದ. ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಹತನಾದ. ಜೂನ್ ಮೊದಲ ದಿನಗಳಲ್ಲೇ ಬ್ರಿಟಿಷ್ ಸೇನೆ ನರಗುಂದವನ್ನು ಹಿಡಿಯಿತು. ದೊರೆಯ ತಾಯಿ, ಹೆಂಡತಿ ಮಲಪ್ರಭೆಗೆ ಹಾರಿದರು. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೇರಿಸಿದರು.

ಮೂರನೆಯ ಮೊರೆ ಇಟ್ಟವರು ದೊರೆಗಳಲ್ಲ, ರೈತರು. ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಆಗಿ 1970ರ ದಶಕದಲ್ಲಿ ಕಾಲುವೆ ನೀರು ಬಂದಾಗ ನರಗುಂದ, ನವಲಗುಂದ, ಸವದತ್ತಿ ಕಡೆಯ ಹೊಲಗಳಲ್ಲಿ ಹೊಸ ಆಸೆ ಚಿಗುರಿತ್ತು. 1972ರಲ್ಲಿ ಧಾರವಾಡದಲ್ಲಿ ರೂಪುಗೊಂಡ ವರಲಕ್ಷ್ಮಿ ಹೈಬ್ರಿಡ್ ಹತ್ತಿ ಆ ಆಸೆಗೆ ಬಣ್ಣ ಕೊಟ್ಟಿತು. ಜೋಳ, ಕಡಲೆ, ಗೋದಿಯ ಎರಿ ಭೂಮಿಯಲ್ಲಿ ಗೊಬ್ಬರ, ಔಷಧಿ, ಸಾಲದ ಬೇಸಾಯ ಶುರುವಾಯಿತು. ದಶಕದ ಕೊನೆಗೆ ಹತ್ತಿಯ ದರ ಬಿತ್ತು. ನೀರಿನ ಕರದ ಬಾಕಿ ಬೆಳೆಯಿತು. ಇದರ ಮೇಲೆ, ನೀರಾವರಿಯಿಂದ ಜಮೀನಿನ ಬೆಲೆ ಹೆಚ್ಚಿದೆ ಎಂದು ಸರ್ಕಾರ ಅಭಿವೃದ್ಧಿ ಕರ ಹೇರಿತು. ಕಾಲುವೆಯ ಕೊನೆಗೆ ನೀರೇ ಮುಟ್ಟದವರಿಗೂ ನೋಟಿಸು ಬಂತು.

ರೈತರು ಮೊದಲು ಕಲ್ಲು ಹಿಡಿಯಲಿಲ್ಲ. ಮನವಿ ಬರೆದರು, ಸಮನ್ವಯ ಸಮಿತಿ ಕಟ್ಟಿದರು, ತಹಶೀಲ್ದಾರ ಕಚೇರಿಗಳ ಮುಂದೆ ಕುಳಿತರು. ಕರ ಕೊಡದಿರಲು ಇದೊಂದು ನೆವ ಎಂದು ಬಗೆದ ಕಿವಿಗಳಿಗೆ ಅದು ಕೇಳಿಸಲಿಲ್ಲ. 1980ರ ಜುಲೈ 21ರಂದು ನರಗುಂದ, ನವಲಗುಂದ ಬಂದ್ ಆದವು. ಗೋಲಿಬಾರ್ ನಡೆಯಿತು. ಚಿಕ್ಕನರಗುಂದದ ಈರಪ್ಪ ಕಡ್ಲಿಕೊಪ್ಪ, ನವಲಗುಂದ ಭಾಗದ ಬಸಪ್ಪ ಲಕ್ಕುಂಡಿ ಗುಂಡಿಗೆ ಬಲಿಯಾದರು. ಜನರ ಸಿಟ್ಟಿಗೆ ಪೊಲೀಸರೂ ಪ್ರಾಣ ತೆತ್ತರು. ಅವರ ಮನೆಗಳಲ್ಲೂ ಅಳುವವರಿದ್ದರು ಎಂಬುದನ್ನು ಮರೆಯಬಾರದು. ಬೆಂಕಿ ರಾಜ್ಯಕ್ಕೆಲ್ಲ ಹಬ್ಬಿತು. ಗುಂಡೂರಾವ್ ಸರ್ಕಾರ ರಿಯಾಯಿತಿ ಘೋಷಿಸಬೇಕಾಯಿತು. ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಎಂ.ಡಿ. ನಂಜುಂಡಸ್ವಾಮಿ ಅದರ ಮುಂದಾಳುಗಳಾದರು. 1983ರ ಚುನಾವಣೆಯಲ್ಲಿ ಕಾಂಗ್ರೆಸ್ ಸೋತು ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂತು. ಆ ಸೋಲಿನ ಕಾರಣಗಳಲ್ಲಿ ರೈತರ ಸಿಟ್ಟೂ ಒಂದು. ನರಗುಂದದಲ್ಲಿರುವ ಹುತಾತ್ಮ ರೈತರ ವೀರಗಲ್ಲಿನ ಮುಂದೆ ಪ್ರತಿ ಜುಲೈ 21ರಂದು ರೈತರು ಈಗಲೂ ಸೇರುತ್ತಾರೆ.

ಗೋಳು ಎಂದು ತಳ್ಳಿಹಾಕಿದ್ದು ಚಳವಳಿಯಾಗಿ ಎದ್ದು ನಿಂತದ್ದು ಹೀಗೆ. ಮೊದಲ ಮನವಿಗೇ ಸಾವಧಾನದ ಒಂದು ಉತ್ತರ ಸಿಕ್ಕಿದ್ದರೆ ಆ ಸಾವುಗಳು ತಪ್ಪುತ್ತಿದ್ದವು ಎಂಬ ಮಾತನ್ನು ಈ ಸೀಮೆಯ ಹಿರಿಯರು ಸುಮ್ಮನೆ ಹೇಳುವುದಿಲ್ಲ.

ಮತ್ತೆ ಅದೇ ಕಚೇರಿಯ ಮುಂದೆ

2015ರ ಜುಲೈನಲ್ಲಿ ನರಗುಂದದಲ್ಲಿ ಮತ್ತೆ ಧರಣಿಯ ಟೆಂಟು ಎದ್ದಿತು. ಈ ಸಲ ಕೇಳಿದ್ದು ಕಳಸಾ–ಬಂಡೂರಿ ನಾಲೆಗಳ ಮೂಲಕ ಮಹದಾಯಿಯ ನೀರನ್ನು ಮಲಪ್ರಭೆಗೆ ತಿರುಗಿಸುವುದನ್ನು. 2016ರ ಜುಲೈನಲ್ಲಿ ಮಹದಾಯಿ ಜಲವಿವಾದ ನ್ಯಾಯಮಂಡಳಿ 7.56 ಟಿಎಂಸಿ ನೀರಿಗಾಗಿ ಕರ್ನಾಟಕ ಸಲ್ಲಿಸಿದ್ದ ಮಧ್ಯಂತರ ಕೋರಿಕೆಯನ್ನು ತಳ್ಳಿಹಾಕಿದಾಗ ಸೀಮೆಯೇ ಕುದಿಯಿತು. ನವಲಗುಂದ ತಾಲ್ಲೂಕಿನ ಯಮನೂರಿನಲ್ಲಿ ಪೊಲೀಸರು ಹೆಂಗಸರೆನ್ನದೆ ಥಳಿಸಿದ ದೃಶ್ಯಗಳನ್ನು ರಾಜ್ಯವೆಲ್ಲ ನೋಡಿತು. 2018ರ ಆಗಸ್ಟ್ 14ರ ಅಂತಿಮ ತೀರ್ಪು ಕರ್ನಾಟಕಕ್ಕೆ 13.42 ಟಿಎಂಸಿ ನೀಡಿತು. 2020ರ ಫೆಬ್ರುವರಿಯಲ್ಲಿ ಅದು ಕೇಂದ್ರದ ಗೆಜೆಟ್ಟಿಗೂ ಬಂತು. ಆದರೂ ರೈತರು ಕಾಯುವುದು ಅಲ್ಲಿಗೆ ಮುಗಿಯಲಿಲ್ಲ.

ಬೇಡಿದಾಗ ಬಾರದ ನೀರು ಬೇಡದೆಯೂ ನುಗ್ಗುತ್ತದೆ. 2009ರ ನೆರೆಯಲ್ಲಿ, ಮತ್ತೆ 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ನರಗುಂದದ ಕೊಣ್ಣೂರು, ಲಖಮಾಪುರ, ರೋಣದ ಹೊಳೆಆಲೂರು ಭಾಗಗಳನ್ನು ಮುಳುಗಿಸಿತು. ಪರಿಹಾರದ ಪಟ್ಟಿಯಲ್ಲಿ ಹೆಸರಿಲ್ಲದವರು, ಬಿದ್ದ ಗೋಡೆಯ ಫೋಟೊ ತೆಗೆಯುವುದರೊಳಗೆ ಮನೆ ಕಳೆದುಕೊಂಡವರು, ಒಂದು ದಾಖಲೆಗೆ ಮೂರು ಕಡೆ ಅಲೆದವರು ಕಚೇರಿಯ ಬಾಗಿಲಲ್ಲಿ ನಿಲ್ಲುತ್ತಾರೆ. ಮೊದಲ ಸಲ ಅವರ ಮಾತು ಸುದ್ದಿ. ಐದನೆಯ ಸಲ ಅದೇ ಮಾತು ರಗಳಿ. ನಷ್ಟ ಹಾಗೇ ಉಳಿದಿರುತ್ತದೆ, ಕೇಳುವವರ ಸಹನೆ ಮಾತ್ರ ಮುಗಿದಿರುತ್ತದೆ.

ಇದಕ್ಕೂ ನಮ್ಮ ಭಾಷೆಯಲ್ಲಿ ಒಂದು ಮಾತಿದೆ, ‘ಕಣ್ಣೀರೊರೆಸುವ ತಂತ್ರ’. ಅಳು ನಿಲ್ಲಿಸಿದರೆ ಸಾಕು, ಅಳುವಿನ ಕಾರಣ ಹಾಗೇ ಇರಲಿ ಎನ್ನುವ ಆಡಳಿತವನ್ನು ಇಷ್ಟು ನೇರವಾಗಿ ಹಿಡಿದ ಮಾತು ಇನ್ನೊಂದಿಲ್ಲ.

ಕೇಳುವ ಕೆಲಸ

ಸುಳ್ಳು ಕಣ್ಣೀರು ಇಲ್ಲವೆಂದಲ್ಲ. ಕೆಲಸ ತಪ್ಪಿಸಿಕೊಳ್ಳಲು ಅಳುವವರು, ಕರುಣೆಯನ್ನು ಬಂಡವಾಳ ಮಾಡಿಕೊಂಡವರು ಎಲ್ಲ ಊರಲ್ಲೂ ಇದ್ದಾರೆ. ಆದರೆ ನಿಜದ ಅಳುವನ್ನೂ ಸುಳ್ಳಿನ ಅಳುವನ್ನೂ ಬೇರೆ ಮಾಡಲು ಇರುವುದು ಒಂದೇ ದಾರಿ, ಕೇಳಿಸಿಕೊಳ್ಳುವುದು. ಅಳುಬುರುಕ ಎಂಬ ಹೆಸರು ಆ ದಾರಿಯನ್ನೇ ಮುಚ್ಚಿಬಿಡುತ್ತದೆ. ವಿಚಾರಣೆ ಮೊದಲಾಗುವ ಮುನ್ನವೇ ತೀರ್ಪು ಬರೆದುಬಿಡುತ್ತದೆ. ಶಾಲೆಯಲ್ಲಿ ಆ ಹೆಸರು ಹೊತ್ತ ಹುಡುಗ ಮುಂದೆ ನಿಜವಾಗಿ ಹೊಡೆತ ತಿಂದಾಗಲೂ ಮೇಷ್ಟ್ರ ಹತ್ತಿರ ಹೋಗುವುದಿಲ್ಲ. ಮನೆಯಲ್ಲಿ ಆ ಹೆಸರು ಹೊತ್ತ ಸೊಸೆ ತವರಿಗೆ ಫೋನು ಮಾಡುವುದಿಲ್ಲ. ಊರಿಗೇ ಆ ಹೆಸರು ಬಿದ್ದರೆ ಏನಾಗುತ್ತದೆ ಎಂದು 1980 ತೋರಿಸಿದೆ.

ನಾವು ಮಾಡಬಹುದಾದ ಕೆಲಸಗಳು ದೊಡ್ಡವೇನಲ್ಲ. ‘ಅಳಲು ತೋಡಿಕೊಂಡರು’ ಎಂದು ಬರೆಯುವ ವರದಿಗಾರರು ಅಲ್ಲಿಗೇ ನಿಲ್ಲದೆ, ಯಾರ ಮುಂದೆ ತೋಡಿಕೊಂಡರು, ಅವರು ಏನು ಉತ್ತರ ಕೊಟ್ಟರು, ಎಷ್ಟು ದಿನದಲ್ಲಿ ಮಾಡುತ್ತೇವೆ ಎಂದರು ಎಂಬ ಇನ್ನೊಂದು ಸಾಲು ಸೇರಿಸಲಿ. ಬಂದ ಮನವಿಗೆ ಏನಾಯಿತು ಎಂಬುದನ್ನು ತಾಲ್ಲೂಕು ಕಚೇರಿ ಎಲ್ಲರಿಗೂ ಕಾಣುವಂತೆ ಗೋಡೆಗೆ ಹಚ್ಚಲಿ. ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ, ಧಾರವಾಡದ ಕನ್ನಡ ಅಧ್ಯಯನ ಪೀಠಗಳು ರೋಣ, ನರಗುಂದ, ಗಜೇಂದ್ರಗಡದ ಹಿರಿಯ ಹೆಣ್ಣುಮಕ್ಕಳ ಮುಂದೆ ಕುಳಿತು, ಅವರ ಒಪ್ಪಿಗೆ ಪಡೆದು, ಹಾಡ್ಯಾಡಿ ಅಳುವ ಪದಗಳನ್ನು ಧ್ವನಿಯಲ್ಲಿ ಹಿಡಿದಿಡಲಿ. ಕಿಟೆಲ್ ಹೊರಗಿನಿಂದ ಬಂದು ಈ ಸೀಮೆಯ ಮಾತಿಗೆ ಕಿವಿಗೊಟ್ಟರು. ಆ ಕೆಲಸದ ಉಳಿದ ಪಾಲು ನಮ್ಮದು.

ನರಗುಂದದ ಗುಡ್ಡದ ಮೇಲಿನ ಕೋಟೆ ಅರ್ಧ ಬಿದ್ದಿದೆ, ಕಾಲುವೆಗಳಲ್ಲಿ ಹೂಳು ತುಂಬಿದೆ. ಇವೆರಡನ್ನೂ ದುಡ್ಡು ಹಾಕಿ ದುರಸ್ತಿ ಮಾಡಬಹುದು. ಯಾರೂ ಕೇಳುವುದಿಲ್ಲ ಎಂದು ಮಾತು ನಿಲ್ಲಿಸಿದ ಜನರ ನಂಬಿಕೆಯನ್ನು ಯಾವ ಅನುದಾನದಿಂದಲೂ ದುರಸ್ತಿ ಮಾಡಲಾಗದು. ಅದಕ್ಕೇ ಎದುರಿಗೆ ನಿಂತವರು ಕಣ್ಣೊರೆಸಿಕೊಂಡು ಮಾತು ಶುರು ಮಾಡಿದಾಗ ಅವರಿಗೆ ಹೆಸರಿಡುವ ಮುನ್ನ ‘ಏನಾತು, ಹೇಳ್ರಿ’ ಎನ್ನೋಣ. ಹೇಳಿ ಮುಗಿಸುವವರೆಗೆ ಕೂತು ಕೇಳೋಣ. ಆಮೇಲೆ ಆಗುವುದನ್ನು ಮಾಡೋಣ, ಆಗದ್ದಕ್ಕೆ ಕಾರಣ ಹೇಳೋಣ.